ಮಕ್ಕಳ ಹಲ್ಲಿನ ಮ್ಯಾಲೆ ಕಲೆ ಕಂಡ್ರ: ಹುಳುಕಿನ ಅಪಾಯ ಎಷ್ಟೈತಿ ಅಂತ ಮನಿಯಾಗ ಲೆಕ್ಕ ಹಾಕೋದು ಹೆಂಗ

ಗಂಗಾವತಿಯಾಗ ನನ್ನ ಕ್ಲಿನಿಕ್ಕಿಗೆ ಬರೋ ತಾಯಂದಿರು ಮಗೂನ್ನ ಕುರ್ಚಿ ಮ್ಯಾಲೆ ಕೂಡ್ಸೋಕಿಂತ ಮೊದಲ ಹೇಳೋ ಮಾತು ಒಂದೈತಿ. "ಮೇಡಂ, ಇದು ನೀರಿನ ಕಲೆ ರೀ, ನಮ್ಮೂರಾಗ ಎಲ್ಲಾರ್ಗೂ ಹಿಂಗ ಅದಾವು." ಕುಷ್ಟಗಿ, ಯಲಬುರ್ಗಾ ಕಡಿಯವ್ರು ಆದ್ರಂತೂ ಕೇಳೋದ ಬ್ಯಾಡ, ಅಜ್ಜನ ಹಲ್ಲು ತೋರ್ಸಿ, ಅಪ್ಪನ ಹಲ್ಲು ತೋರ್ಸಿ, ನೋಡ್ರಿ ನಮ್ಮ ಮನಿತನದ ಹಲ್ಲ ಹಿಂಗ ಅಂತಾರ. ಅವ್ರು ಹೇಳೋದ್ರಾಗ ತಪ್ಪಿಲ್ಲ, ನಮ್ಮ ಕಡಿ ಬೋರ್ ನೀರಿನಾಗ ಫ್ಲೋರೈಡ್ ಜಾಸ್ತಿ ಇರೋದು ಖರೇನ. ಆದ್ರ ಈ "ನೀರಿನ ಕಲೆ" ಅನ್ನೋ ಒಂದ ಮಾತಿನ ಕೆಳಗ ನಾಲ್ಕೈದು ಬ್ಯಾರೆ ಬ್ಯಾರೆ ತೊಂದ್ರಿ ಮುಚ್ಚಿ ಹೋಗ್ತಾವು, ಅದ್ರಾಗ ಒಂದು ಎಷ್ಟು ಜೋರಾಗಿ ಹಲ್ಲು ತಿನ್ನತೈತಿ ಅಂದ್ರ ಹಲ್ಲು ಹುಟ್ಟಿ ವರ್ಷ ಆಗೋದ್ರಾಗ ಅರ್ಧ ದವಡಿ ಹಲ್ಲು ಪುಡಿ ಆಗಿರ್ತೈತಿ.

ನಾನೂ ಇದ್ರಾಗ ಎಡವೀನಿ, ಮುಚ್ಚಿಡೋದು ಬ್ಯಾಡ. ನನ್ನ ತಂಗಿ ಲಿಂಗಸೂಗೂರಿನಾಗ ಇರ್ತಾಳ, ಅವಳ ಮಗನಿಗೆ ಆರೂವರಿ ವರ್ಷ ಇದ್ದಾಗ ಒಂದು ಫೋಟೋ ಕಳಿಸಿದ್ಳು, "ಅಕ್ಕಾ, ಇವನ ಹಿಂದಿನ ಹಲ್ಲು ಹಳದಿ ಅದ ನೋಡು" ಅಂತ. ನಾನು ಅವತ್ತು ಪೇಷಂಟ್ ನಡುವ ಇದ್ದೆ, ಫೋಟೋ ದೊಡ್ಡದು ಮಾಡಿ ಸೈತ ನೋಡ್ಲಿಲ್ಲ, ನಿಮ್ಮೂರಿನ ನೀರಿಂದು ಬಿಡು ಅಂತ ಬರದೆ. ಐದು ತಿಂಗಳ ಮ್ಯಾಲೆ ದೀಪಾವಳಿಗೆ ಬಂದಾಗ ಹುಡುಗ ಹೋಳಿಗಿ ಸೈತ ಒಂದ ಬಾಜು ಇಟ್ಟು ಅಗೀತಿದ್ದ, ಬಾಯಿ ತೆಗಿಸಿ ನೋಡಿದ್ರ ಕೆಳಗಿನ ಎಡಗಡಿ ದವಡಿ ಹಲ್ಲಿನ ಒಂದು ಮೂಲಿ ಹಾರಿ ಹೋಗಿತ್ತು. ಹಂಗಾಗಿ ಈಗ ಬರೆಯೋದು ಆ ಫೋಟೋ ಬಂದ ದಿನ ನಾನು ತಂಗಿಗೆ ಹೇಳಬೇಕಾಗಿದ್ದ ಮಾತು ಅಂತ ತಿಳ್ಕೋರಿ.

ಮೊದಲು ಬಾಯಿ ಸರಿಯಾಗಿ ನೋಡೋದು ಕಲೀರಿ

ಮಗು ನಿಂತಿರೋವಾಗ "ಆ ಅನ್ನು" ಅಂದ್ರ ಏನೂ ಕಾಣಂಗಿಲ್ಲ. ನೀವು ಚಾಪಿ ಮ್ಯಾಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂಡ್ರಿ, ಮಗೂನ ತಲಿ ನಿಮ್ಮ ತೊಡಿ ಮ್ಯಾಲೆ ಬರೋ ಹಂಗ ಅಂಗಾತ ಮಲಗ್ಸಿ, ಮನಿಯಾಗ ಇನ್ನೊಬ್ರು ಮೊಬೈಲ್ ಟಾರ್ಚ್ ಹಿಡೀಲಿ. ಸಣ್ಣ ಕೂಸಿದ್ರ ಇಬ್ರು ಎದುರು ಬದುರು ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ನಡುವ ಮಲಗ್ಸಿದ್ರ ಅಳೂದು ಕಡಿಮಿ. ಮೊದಲು ಬ್ರಶ್ ಮಾಡ್ಸಿರಬೇಕು, ಇಲ್ಲಾಂದ್ರ ಪಾಚಿನ ಕಲೆ ಅಂತ ತಿಳೀತೀರಿ. ಆಮ್ಯಾಲೆ ಸ್ವಚ್ಛ ಒಣ ಪಂಚಿ ಬಟ್ಟಿ ಬೆರಳಿಗೆ ಸುತ್ಕೊಂಡು ಹಲ್ಲು ಒರಸ್ರಿ. ಈ ಒರಸೋದು ಬಹಳ ಮುಖ್ಯ, ಯಾಕಂದ್ರ ಜೊಲ್ಲು ಇರೋತನಕ ಹಲ್ಲೆಲ್ಲ ಒಂದ ಥರ ಹೊಳೀತಾವು, ಒಣಗಿದ ಮ್ಯಾಲ ಬಿಳಿ ಕಲೆ ಎದ್ದು ಕಾಣ್ತಾವು. ಊದಿ ಒಣಗಿಸಬ್ಯಾಡ್ರಿ, ಎನಾಮಲ್ ಅಂದ್ರ ಹಲ್ಲಿನ ಮ್ಯಾಲಿನ ಗಟ್ಟಿ ಪದರು ಮೆತ್ತಗಿದ್ರ ಗಾಳಿ ತಾಗಿದ ಕೂಡ್ಲೆ ಜುಮ್ ಅಂತೈತಿ, ಮಗು ಮತ್ತ ಬಾಯಿ ತೆಗಿಯಂಗಿಲ್ಲ.

ಸೂಜಿ, ಪಿನ್ನು, ಕಡ್ಡಿ ಯಾವ್ದರಿಂದೂ ಕೆದಕಬಾರ್ದು. ಕೆಲವ್ರು ಕಲೆ ಹೋಗ್ತೈತೇನು ಅಂತ ಉಪ್ಪು, ಇದ್ದಿಲು, ಇಟ್ಟಂಗಿ ಪುಡಿ ಹಾಕಿ ತಿಕ್ಕಿರ್ತಾರ, ಒಬ್ಬ ಅಜ್ಜಿಯಂತೂ ಪಾತ್ರಿ ತಿಕ್ಕೋ ಬೂದಿಯಿಂದ ಮೊಮ್ಮಗಳ ಹಲ್ಲು ತಿಕ್ಕಿದ್ಳು. ಈ ಕಲೆ ಹಲ್ಲಿನ ಮ್ಯಾಲೆ ಹತ್ತಿದ್ದಲ್ಲ, ಹಲ್ಲು ತಯಾರಾಗೋವಾಗ ಒಳಗ ಉಳಿದಿದ್ದು. ತಿಕ್ಕಿದ್ರ ಕಲೆ ಹೋಗಂಗಿಲ್ಲ, ಮೊದಲ ತೆಳ್ಳಗಿದ್ದ ಎನಾಮಲ್ ಹೋಗ್ತೈತಿ.

ಯಾವ ಹಲ್ಲು ನೋಡಬೇಕು? ಎಲ್ಲಾನೂ ನೋಡ್ರಿ, ಆದ್ರ ಎರಡು ಜಾಗದಾಗ ಕಣ್ಣು ಜಾಸ್ತಿ ಇರ್ಲಿ. ಎರಡೂವರಿ ವರ್ಷದ ಸುಮಾರಿಗೆ ಬರೋ ಎರಡನೇ ಹಾಲು ದವಡಿ ಹಲ್ಲು, ಅಂದ್ರ ಹಾಲು ಹಲ್ಲಿನಾಗ ಎಲ್ಲಕ್ಕಿಂತ ಹಿಂದಿಂದು. ಇನ್ನೊಂದು ಆರು ವರ್ಷದ ಸುಮಾರಿಗೆ ಅದ್ರ ಹಿಂದ ಹುಟ್ಟೋ ಕಾಯಂ ದವಡಿ ಹಲ್ಲು. ಈ ಆರು ವರ್ಷದ ಹಲ್ಲಿನ ವಿಷಯದಾಗ ಬಹಳ ಮಂದಿ ಮೋಸ ಹೋಗ್ತಾರ, ಯಾಕಂದ್ರ ಅದು ಬರೋ ಮೊದಲು ಯಾವ ಹಾಲು ಹಲ್ಲೂ ಬೀಳಂಗಿಲ್ಲ, ಸುಮ್ನ ಹಿಂದ ವಸಡು ಸೀಳ್ಕೊಂಡು ಬಂದು ಕೂತಿರ್ತೈತಿ, ಮನಿಯವ್ರು ಅದೂ ಹಾಲು ಹಲ್ಲ, ಹುಳ ಹತ್ತಿದ್ರೂ ಬಿದ್ದು ಹೊಸಾದು ಬರ್ತೈತಿ ಅಂತ ಸುಮ್ನಿರ್ತಾರ. ಬರಂಗಿಲ್ಲ, ಅದು ಸಾಯೋತನಕ ಬಾಯಾಗ ಇರಬೇಕಾದ ಹಲ್ಲು.

ಕಲೆ ಯಾವ ಜಾತೀದು

ಎನಾಮಲ್ ಮಾಡೋ ಜೀವಕೋಶಗಳು ಹಲ್ಲು ವಸಡಿನ ಒಳಗ ಇರೋವಾಗ ಕೆಲಸ ಮುಗಿಸ್ತಾವು, ಹಲ್ಲು ಹೊರಗ ಬರೋದ್ರಾಗ ಅವು ಇರಂಗ ಇಲ್ಲ. ಚರ್ಮ ಕೊಯ್ದ್ರ ಕೂಡ್ತೈತಿ, ಎಲುಬು ಮುರಿದ್ರ ಕೂಡ್ತೈತಿ, ಎನಾಮಲ್ ಮಾತ್ರ ಹೋದ್ರ ಹೋತು. ಕಾಯಂ ಮೊದಲ ದವಡಿ ಹಲ್ಲಿನ ಎನಾಮಲ್ ಕೆಲಸ ಕೂಸು ಹುಟ್ಟೋ ಹೊತ್ತಿಗೆ ಸುರು ಆಗಿ ಮೂರು ವರ್ಷದ ಸುಮಾರಿಗೆ ಮುಗೀತೈತಿ. ಅಂದ್ರ ಆರು ವರ್ಷಕ್ಕ ಕಾಣೋ ಕಲೆ ಕೂಸು ಅಂಬೆಗಾಲು ಹಾಕೋವಾಗಿಂದು. ತಾಯಿ ನನ್ನ ಮುಂದ ಕೂತು "ನಾನ ಚಾಕಲೇಟ್ ಕೊಟ್ಟು ಹಾಳ್ ಮಾಡಿದೆ" ಅಂತ ಕಣ್ಣೀರು ಹಾಕಿದಾಗ ಮೊದಲು ಇದನ್ನ ಹೇಳ್ತೀನಿ, ಕಲೆ ಚಾಕಲೇಟಿಂದ ಬಂದಿಲ್ಲವ್ವ, ಕಲೆ ಇರೋ ಹಲ್ಲಿಗೆ ಚಾಕಲೇಟು ಏನ್ ಮಾಡ್ತೈತಿ ಅನ್ನೋದು ಬ್ಯಾರೆ ಮಾತು.

ಫ್ಲೋರೈಡಿನ ಕಲೆ ಅಂದ್ರ ಖರೇನ ನೀರಿನ ಕಲೆ, ಇದು ಜೋಡಿ ಹಲ್ಲಿಗೆ ಸಮಾ ಬರ್ತೈತಿ. ಬಲಗಡಿ ಹಲ್ಲಿನಾಗ ಹೆಂಗೈತೋ ಎಡಗಡಿ ಅದ ಹಲ್ಲಿನಾಗ ಹಂಗ. ಅಡ್ಡ ಅಡ್ಡ ಬಿಳಿ ಗೆರಿ, ಇಲ್ಲಾಂದ್ರ ಮೋಡ ಕವಿದಂಗ ಮಬ್ಬು, ಅಂಚು ಎಲ್ಲಿ ಸುರು ಎಲ್ಲಿ ಮುಗೀತು ಅಂತ ಬೆರಳಿಟ್ಟು ತೋರ್ಸಾಕ ಆಗಂಗಿಲ್ಲ. ಜಾಸ್ತಿ ಆದ್ರ ಕಂದು ಬಣ್ಣ, ಇನ್ನೂ ಜಾಸ್ತಿ ಆದ್ರ ಸಣ್ಣ ಸಣ್ಣ ಕುಳಿ. ಇಲ್ಲಿ ಒಂದು ಮಾತು ತಿಳ್ಕೋರಿ, ಬರೇ ಬಿಳಿ ಗೆರಿ ಇರೋ ಹಗುರ ಫ್ಲೋರೋಸಿಸ್ (ಫ್ಲೋರೈಡಿನ ಕಲೆ) ಹಲ್ಲು ನೋಡಾಕ ಚಂದ ಇರಲಿಕ್ಕಿಲ್ಲ, ಆದ್ರ ಹುಳುಕಿಗೆ ಅಷ್ಟು ಲಗೂ ಬಗ್ಗಂಗಿಲ್ಲ. ಕುಳಿ ಬಿದ್ದು ಎನಾಮಲ್ ಉದುರೋ ಮಟ್ಟಕ್ಕ ಹೋದ್ರ ಮಾತ್ರ ಲೆಕ್ಕ ತಿರುಗ್ತೈತಿ.

ಎರಡನೇದು, ನನ್ನ ತಂಗಿ ಮಗನಿಗೆ ಇದ್ದಿದ್ದು, ಇದಕ್ಕ ಎಂಐಎಚ್ ಅಂತಾರ. ಮೋಲಾರ್ ಇನ್ಸೈಸರ್ ಹೈಪೊಮಿನರಲೈಸೇಶನ್ ಅಂತ ಉದ್ದನ ಹೆಸರು, 2001ರಾಗ ಯುರೋಪಿನ ಮಕ್ಕಳ ಹಲ್ಲಿನ ಡಾಕ್ಟರ್‌ಗಳು ಇಟ್ಟಿದ್ದು. ಜಗತ್ತಿನ ಲೆಕ್ಕದಾಗ ಏಳೆಂಟು ಮಕ್ಕಳಾಗ ಒಬ್ರಿಗೆ ಇರೋ ತೊಂದ್ರಿ, ಅಪರೂಪದ್ದೇನಲ್ಲ. ಎನಾಮಲ್ ದಪ್ಪ ಇರಬೇಕಾದಷ್ಟು ಇರ್ತೈತಿ, ಆದ್ರ ಒಳಗ ಖನಿಜ ಕಡಿಮಿ, ಪ್ರೋಟೀನ್ ಜಾಸ್ತಿ, ಹಂಗಾಗಿ ಸುಣ್ಣದ ಗೋಡಿ ಥರ ಪೊಳ್ಳು. ಗುರುತು ಏನಂದ್ರ ಕಲೆಗೆ ಅಂಚು ಇರ್ತೈತಿ, ನಕಾಶದಾಗ ತಾಲೂಕಿನ ಗಡಿ ಹಾಕಿದಂಗ, ಇಲ್ಲಿ ಕಲೆ ಇಲ್ಲಿ ಚಲೋ ಹಲ್ಲು ಅಂತ ಕಾಣ್ತೈತಿ. ಎಡ ಬಲ ಸಮಾ ಇರಂಗಿಲ್ಲ, ಒಂದು ದವಡಿ ಹಲ್ಲಿಗೆ ಜೋರು, ಬಾಜೂದು ಚಲೋ. ಕಾಯಂ ಮೊದಲ ದವಡಿ ಹಲ್ಲು ನಾಲ್ಕರಾಗ ಒಂದಕ್ಕಾದ್ರೂ ಇರ್ತೈತಿ, ಜೋಡಿಗೆ ಮುಂದಿನ ಕಾಯಂ ಹಲ್ಲಿನಾಗೂ ಒಂದೆರಡು ಮಚ್ಚಿ. ಒಂದು ಮಿಲಿಮೀಟರ್‌ಗಿಂತ ದೊಡ್ಡ ಕಲೆ ಇದ್ರ ಲೆಕ್ಕಕ್ಕ ತಗೋತೀವಿ. ಇದಕ್ಕ ಒಂದ ಕಾರಣ ಅಂತಿಲ್ಲ, ಹೆರಿಗಿ ಹೊತ್ತಿನ ತ್ರಾಸು, ಮೊದಲ ಮೂರು ವರ್ಷದಾಗ ಮ್ಯಾಲಿಂದ ಮ್ಯಾಲೆ ಜ್ವರ, ಎದಿ ಕಫ, ರಕ್ತದಾಗ ಬಂದ ಗುಣ, ಹಿಂಗ ಹಲವು ಕೂಡಿ ಬರ್ತೈತಿ.

ಇದ ಕಲೆ ಎರಡನೇ ಹಾಲು ದವಡಿ ಹಲ್ಲಿನಾಗ ಕಂಡ್ರ ಅದು ಮುಂಚಿತ ಬಂದ ಕಾಗದ ಇದ್ದಂಗ. ಅಂಥ ಮಕ್ಕಳಿಗೆ ಆರು ವರ್ಷದ ಹಲ್ಲಿನಾಗೂ ಎಂಐಎಚ್ ಬರೋ ಸಂಭವ ಜಾಸ್ತಿ, ಅದಕ್ಕ ಮೂರು ವರ್ಷಕ್ಕ ನೋಡಿಟ್ಕೊಂಡ್ರ ಇನ್ನ ಮೂರು ವರ್ಷ ತಯಾರಿಗೆ ಸಿಗ್ತೈತಿ.

ಮೂರನೇದು ಹೈಪೊಪ್ಲೇಸಿಯಾ, ಇದ್ರಾಗ ಎನಾಮಲ್ ಕೂಡೇ ಇಲ್ಲ ಇಲ್ಲಾಂದ್ರ ತೆಳ್ಳಗ, ಬೆರಳಿನ ಉಗುರಿಗೆ ತಾಗೋ ಹಂಗ ತಗ್ಗು, ಸಾಲು ಕುಳಿ, ಅಡ್ಡ ಗಾಡಿ ಜಾಡು ಬಿದ್ದಂಗ ಗೀರು. ದಿನ ತುಂಬದ ಹುಟ್ಟಿದ ಕೂಸು, ತೂಕ ಕಡಿಮಿ ಇದ್ದ ಕೂಸಿನ ಹಾಲು ಹಲ್ಲಿನಾಗ ಇದು ಕಾಣೋದು ಹೆಚ್ಚು. ಒಂದ ಒಂದು ಕಾಯಂ ಹಲ್ಲಿಗೆ ಮಾತ್ರ ಇದ್ರ ಅದ್ರ ಮ್ಯಾಲಿದ್ದ ಹಾಲು ಹಲ್ಲು ಕೀವಾಗಿತ್ತೇನು, ಬಿದ್ದು ಪೆಟ್ಟಾಗಿತ್ತೇನು ಅಂತ ನೆನಪು ಮಾಡ್ಕೋರಿ. ಹಾಲು ಹಲ್ಲು ಹೆಂಗೂ ಬೀಳ್ತೈತಿ ಬಿಡ್ರಿ ಅನ್ನೋರಿಗೆ ಇದ ಉತ್ತರ. ಇನ್ನ ಬಾಯಾಗಿನ ಎಲ್ಲಾ ಹಲ್ಲೂ, ಹಾಲು ಹಲ್ಲು ಕಾಯಂ ಹಲ್ಲು ಎರಡೂ ಹಳದಿ ಕಂದು ಇದ್ದು ಸವೀತಿದ್ರ, ಮನಿತನದಾಗ ಇನ್ನೂ ಒಬ್ರಿಗೆ ಹಂಗಿದ್ರ, ಅದು ವಂಶದಿಂದ ಬರೋ ಅಮೆಲೊಜೆನೆಸಿಸ್ ಇಂಪರ್ಫೆಕ್ಟಾ ಇರಬಹುದು. ನಮ್ಮ ಕಡಿ ಸೋದರಮಾವಗ, ಅತ್ತಿ ಮಗಗ ಕೊಡೋ ರೂಢಿ ಐತಲ್ಲ, ಅಂಥ ಮನಿಯಾಗ ಇದ್ರ ಕೆಲವು ನಮೂನಿ ಬರೋ ಸಂಭವ ಒಂದಿಷ್ಟು ಜಾಸ್ತಿ. ಇದಕ್ಕ ಮನಿ ಲೆಕ್ಕ ಸಾಲಂಗಿಲ್ಲ, ಸೀದಾ ಡೆಂಟಲ್ ಕಾಲೇಜಿಗೆ ಹೋಗ್ರಿ.

ಇವೆಲ್ಲ ಬಿಟ್ಟು ಇನ್ನೊಂದು ಬಿಳಿ ಕಲೆ ಐತಿ, ಅದು ಹುಳುಕಿನ ಮೊದಲ ಹೆಜ್ಜಿ. ವಸಡಿನ ಅಂಚಿಗುಂಟ, ಪಾಚಿ ಕೂಡ್ರೋ ಜಾಗದಾಗ, ಸೀಮಿಸುಣ್ಣ ಸವರಿದಂಗ ಹೊಳಪಿಲ್ಲದ ಬಿಳಿ ಪಟ್ಟಿ. ಹೋದ ವರ್ಷ ಇರ್ಲಿಲ್ಲ, ಈಗ ಬಂದೈತಿ ಅಂದ್ರ ಇದ. ಹುಟ್ಟಿನಿಂದ ಬಂದ ಕಲೆ ಹಲ್ಲು ಹುಟ್ಟಿದ ದಿನಾನ ಇರ್ತೈತಿ, ಹುಳುಕಿನ ಕಲೆ ಆಮ್ಯಾಲೆ ಬರ್ತೈತಿ. ಅದಕ್ಕ ತಿಂಗಳಿಗೊಮ್ಮಿ ಒಂದ ಬೆಳಕಿನಾಗ ಫೋಟೋ ತಗದಿಡ್ರಿ, ಆರು ತಿಂಗಳ ಫೋಟೋ ಸಾಲಾಗಿ ನೋಡಿದ್ರ ಡಾಕ್ಟರ್‌ಗೆ ನಿಮ್ಮ ಬಾಯಿ ಮಾತಿಗಿಂತ ಜಾಸ್ತಿ ತಿಳೀತೈತಿ.

ಗಟ್ಟಿ ಐತೋ, ಬೀಳಾಕತ್ತೈತೋ

ಜಾತಿ ತಿಳಿದ ಮ್ಯಾಲೆ ಬಣ್ಣ ನೋಡ್ರಿ. ಎಂಐಎಚ್‌ನಾಗ ಬಿಳಿ, ಕೆನಿ ಬಣ್ಣದ ಕಲೆ ಒಂದಿಷ್ಟು ಗಟ್ಟಿ, ಹಳದಿ ಕಂದು ಆದಷ್ಟು ಪೊಳ್ಳು ಜಾಸ್ತಿ, ಮುರಿಯೋದೂ ಲಗೂ. ಕಲೆ ಎಲ್ಲೈತಿ ಅನ್ನೋದೂ ನೋಡಬೇಕು, ಮುಂದಿನ ಹಲ್ಲಿನ ಮುಖದ ಮ್ಯಾಲೆ ಇದ್ರ ಅಗಿಯೋ ಭಾರ ಅಲ್ಲಿ ಬೀಳಂಗಿಲ್ಲ, ನೋಡಾಕ ಕೆಟ್ಟ ಕಂಡ್ರೂ ಬಾಳ ದಿನ ನಿಲ್ತೈತಿ. ದವಡಿ ಹಲ್ಲಿನ ಮೂಲಿ ಮ್ಯಾಲೆ ಇದ್ರ ದಿನಾ ಜ್ವಾಳದ ರೊಟ್ಟಿ ಅಗಿಯೋ ಭಾರ ಎಲ್ಲ ಅಲ್ಲೇ. ಒಂದು ಚೂರು ಹಾರಿದ್ರ ಅಲ್ಲಿ ಅಂಚು ಖರಕರ ಆಗ್ತೈತಿ, ಅನ್ನ ಸಿಕ್ಕೋತೈತಿ, ಬ್ರಶ್ ಹೋಗಂಗಿಲ್ಲ, ಮುಂದಿಂದು ಹುಳುಕಿನ ಕೆಲಸ.

ಜುಮ್ಮು ಕೇಳೋದು ಹೆಂಗ? "ಹಲ್ಲು ನೋಯ್ತೈತೇನೋ" ಅಂದ್ರ ಯಾವ ಹುಡುಗನೂ ಇಲ್ಲ ಅಂತಾನ, ಡಾಕ್ಟರ್ ಕಡಿ ಕರ್ಕೊಂಡು ಹೋಗ್ತಾರ ಅಂತ ಅವನಿಗೆ ಗೊತ್ತು. ಕೇಳಬ್ಯಾಡ್ರಿ, ನೋಡ್ರಿ. ರಾಯಚೂರಿನ ಬ್ಯಾಸಿಗ್ಯಾಗ ಐಸ್ ಕ್ಯಾಂಡಿ ಗಾಡಿ ಬಂದಾಗ ಎಲ್ಲಾ ಮಕ್ಕಳು ಕಡ್ಕೊಂಡು ತಿಂದ್ರ ಇವನೊಬ್ಬ ತುಟಿ ಮ್ಯಾಲೆ ಇಟ್ಟು ಚೀಪ್ತಾನೇನು, ಫ್ರಿಜ್ಜಿನ ನೀರು ಕುಡಿಯೋವಾಗ ತಲಿ ಒಂದ ಬಾಜು ವಾಲಸ್ತಾನೇನು, ಊಟ ಮುಗಿಸಾಕ ತಾಸು ಹಿಡೀತೈತೇನು, ಬ್ರಶ್ ಮಾಡೋವಾಗ ಒಂದ ಮೂಲಿಗೆ ಬಂದ ಕೂಡ್ಲೆ ಹಟ ಮಾಡ್ತಾನೇನು. ಅದನ್ನ ಸೊಕ್ಕು ಅಂತ ಬೈತಾರ. ನನ್ನ ತಂಗಿ ಮಗನಿಗೂ ಎಡಗಡಿ ಬ್ರಶ್ ಮಾಡ್ಸೋವಾಗ ಎರಡು ಸಲ ಏಟು ಬಿದ್ದಿತ್ತು, ಆಮ್ಯಾಲೆ ತಂಗಿ ಅದನ್ನ ಹೇಳ್ಕೊಂಡು ಅತ್ಳು. ಜುಮ್ ಅನ್ನೋ ಹಲ್ಲು ಮಗು ತಿಕ್ಕಂಗಿಲ್ಲ, ತಿಕ್ಕಲಿಲ್ಲ ಅಂದ್ರ ಪಾಚಿ, ಪಾಚಿ ಅಂದ್ರ ಹುಳುಕು. ಹಂಗಾಗಿ ಜುಮ್ಮು ಅನ್ನೋದು ಬರೇ ನೋವಿನ ಮಾತಲ್ಲ, ಅಪಾಯದ ಲೆಕ್ಕದಾಗ ಭಾರಿ ತೂಕದ್ದು.

ಆರು ವರ್ಷದ ಹಲ್ಲು ಅರ್ಧ ಹುಟ್ಟಿ ಅರ್ಧ ವಸಡಿನಾಗ ಇರೋ ಹೊತ್ತು ಎಲ್ಲಕ್ಕಿಂತ ನಾಜೂಕು. ಮುಂದಿನ ಹಾಲು ಹಲ್ಲಿಗಿಂತ ತಗ್ಗಿನಾಗ ಇರೋದ್ರಿಂದ ಬ್ರಶ್ ಅದನ್ನ ದಾಟ್ಕೊಂಡು ಹೋಗ್ತೈತಿ, ಹಿಂದಿನ ವಸಡಿನ ಪೊರಿ ಕೆಳಗ ಅನ್ನ ಕೂಡ್ತೈತಿ. ಈ ಹೊತ್ತಿನಾಗ ಕೆನ್ನಿ ಬಾಜುದಿಂದ ಬ್ರಶ್ ಅಡ್ಡ ಹಾಕಿ ಆ ಒಂದು ಹಲ್ಲಿಗೇ ಬ್ಯಾರೆ ತಿಕ್ಕಬೇಕು, ಅದೂ ನೀವು ತಿಕ್ಕಬೇಕು, ಮಗು ಅಲ್ಲ.

ಮನಿಯ ರೂಢಿ ಲೆಕ್ಕ ಹಾಕ್ರಿ

ಇದ್ರಾಗ ಸುಳ್ಳು ಬಾಳ ಹೇಳ್ತಾರ, ನನಗಲ್ಲ, ತಮಗ ತಾವ. ಅದಕ್ಕ ಒಂದು ನೋಟ್ ಪುಸ್ತಕದಾಗ ಮೂರು ದಿನ ಬರೀರಿ, ಅದ್ರಾಗ ಒಂದು ಐತವಾರ ಇರ್ಲಿ. ಮಗೂನ ಬಾಯಿಗೆ ಸಿಹಿ ಏನು ಹೋತು ಅನ್ನೋಕಿಂತ ಎಷ್ಟು ಸಲ ಹೋತು ಅಂತ ಬರೀರಿ. ಸಿಹಿ ತಿಂದ ಪ್ರತಿ ಸಲ ಬಾಯಾಗಿನ ಬ್ಯಾಕ್ಟೀರಿಯಾ ಆಮ್ಲ ಮಾಡ್ತಾವು, ಪಿಎಚ್ (ಹುಳಿ ಅಳಿಯೋ ಅಂಕಿ, ಇಳಿದಷ್ಟು ಹುಳಿ ಜಾಸ್ತಿ) 5.5ಕ್ಕಿಂತ ಕೆಳಗ ಇಳಿದ್ರ ಎನಾಮಲ್ ಕರಗಾಕ ಸುರು, ಜೊಲ್ಲು ಅದನ್ನ ಮತ್ತ ಸಮಾ ಮಾಡಾಕ ಅರ್ಧ ತಾಸಾದ್ರೂ ಬೇಕು. ಚಲೋ ಎನಾಮಲ್ಲಿನ ಲೆಕ್ಕ ಇದು, ಪೊಳ್ಳು ಎನಾಮಲ್ ಇದಕ್ಕಿಂತ ಲಗೂ ಸೋಲ್ತೈತಿ. ಮಗು ಒಂದ ಸಲ ಕೂತು ಎರಡು ಹೋಳಿಗಿ ತಿಂದ್ರ ಒಂದ ಏಟು, ಅದ ಮಗು ಐದು ರೂಪಾಯಿ ಬಿಸ್ಕೆಟ್ ಪ್ಯಾಕೆಟ್ ಜೇಬಿನಾಗ ಇಟ್ಕೊಂಡು ಸಂಜಿತನಕ ಒಂದೊಂದ ತಿಂದ್ರ ಹತ್ತು ಏಟು.

ನಮ್ಮ ಮನಿಗಳಾಗ ಬರೋ ಪಟ್ಟಿ ನನಗ ಬಾಯಿಪಾಠ ಐತಿ: ಮುಂಜಾನೆ ಚಾದಾಗ ಅದ್ದಿದ ಬಿಸ್ಕೆಟ್ಟು, ಸಾಲಿಗೆ ಹೋಗೋವಾಗ ಅಜ್ಜ ಕೊಟ್ಟ ಚಾಕಲೇಟು, ಮಧ್ಯಾಹ್ನ ಬೆಲ್ಲ ಶೇಂಗಾದ ಚಿಕ್ಕಿ, ಸಂಜಿಗೆ ಹತ್ತು ರೂಪಾಯಿ ಕೂಲ್ ಡ್ರಿಂಕ್ ಬಾಟ್ಲಿ, ರಾತ್ರಿ ಸಕ್ರಿ ಹಾಕಿದ ಹಾಲು. ಬೆಲ್ಲ ಸಕ್ರಿ ಅಲ್ಲಲ್ಲ ಮೇಡಂ ಅಂತ ಕೇಳ್ತಾರ, ಹಲ್ಲಿನ ಬ್ಯಾಕ್ಟೀರಿಯಾಕ್ಕ ಎರಡೂ ಒಂದ, ಮ್ಯಾಲೆ ಚಿಕ್ಕಿ ದವಡಿ ಹಲ್ಲಿನ ತಗ್ಗಿನಾಗ ಅಂಟಿ ಕೂಡ್ತೈತಿ. ಊಟದ ನಡುವ ಸಿಹಿ ಮೂರು ಸಲಕ್ಕಿಂತ ಜಾಸ್ತಿ ಆದ್ರ ಲೆಕ್ಕದಾಗ ಕೆಂಪು ಗೆರಿ ಎಳೀರಿ. ಮಿರ್ಚಿ ಮಂಡಕ್ಕಿ ತಿಂದ್ರ ತಿನ್ಲಿ, ಹೊಟ್ಟಿ ಮಾತು ನಾ ಹೇಳಂಗಿಲ್ಲ, ಹಲ್ಲಿಗೆ ಬಿಸ್ಕೆಟ್ಟಿಗಿಂತ ಎಷ್ಟೋ ವಾಸಿ. ಕೊಪ್ಪಳದ ಗವಿಮಠದ ಜಾತ್ರಿಯಾಗ ಬೆಂಡು ಬತ್ತಾಸು ಬ್ಯಾಡ ಅಂತ ನಾನೂ ಹೇಳಂಗಿಲ್ಲ, ಜಾತ್ರಿ ವರ್ಷಕ್ಕೊಂದು, ದಿನದ ಬಿಸ್ಕೆಟ್ಟು ವರ್ಷಕ್ಕ ಮುನ್ನೂರ ಅರವತ್ತೈದು.

ರಾತ್ರಿ ಲೆಕ್ಕ ಬ್ಯಾರೆ. ನಿದ್ದಿಯಾಗ ಜೊಲ್ಲು ಕಡಿಮಿ ಆಗ್ತೈತಿ, ಕಾವಲುಗಾರ ಮನಿಗೆ ಹೋದಂಗ. ಬಾಟ್ಲಿ ಹಾಲು ಬಾಯಾಗ ಇಟ್ಕೊಂಡು ಮಲಗೋ ಕೂಸು, ಬ್ರಶ್ ಮಾಡಿದ ಮ್ಯಾಲೆ ಮತ್ತ ಹಾಲು ಕುಡಿಯೋ ಮಗು, ಜೇನು ಸವರಿದ ನಿಪ್ಪಲ್, ದಿನಾ ಸಿಹಿ ಸಿರಪ್ ತಗೊಳ್ಳೋ ಮಗು, ಇವೆಲ್ಲ ಭಾರ ಜಾಸ್ತಿ ಮಾಡ್ತಾವು. ದಮ್ಮಿನ ಇನ್ಹೇಲರ್ ಇದ್ರ ನಿಲ್ಲಿಸಬ್ಯಾಡ್ರಿ, ಹೊಡ್ಕೊಂಡ ಮ್ಯಾಲೆ ಬಾಯಿ ಮುಕ್ಕಳಿಸೋದು ರೂಢಿ ಮಾಡ್ಸ್ರಿ.

ಕಡೀಕ ನಿಮ್ಮ ಬಾಯಿ. ತಾಯಿಗೆ, ಮಗೂನ್ನ ನೋಡ್ಕೊಳ್ಳೋ ಅಜ್ಜಿಗೆ ತೆರೆದ ಹುಳುಕು ಇದ್ರ, ಅದ ಚಮಚದಿಂದ ರುಚಿ ನೋಡಿ ಕೂಸಿಗೆ ಉಣಿಸಿದ್ರ ಬ್ಯಾಕ್ಟೀರಿಯಾನೂ ಜೋಡಿಗೆ ಹೋಗ್ತಾವು. ಅಣ್ಣಗೋ ಅಕ್ಕಗೋ ಹುಳುಕು ಇದ್ರೂ ಲೆಕ್ಕಕ್ಕ ತಗೋರಿ, ಒಂದ ಮನಿ, ಒಂದ ಡಬ್ಬಿ ಬಿಸ್ಕೆಟ್ಟು.

ನೀರು ಮತ್ತ ಪೇಸ್ಟು

ಕುಡಿಯೋ ನೀರಿನಾಗ ಫ್ಲೋರೈಡ್ ಎಷ್ಟೈತಿ ಅನ್ನೋ ಚೀಟಿ ಇಲ್ಲದ ಪೇಸ್ಟಿನ ಮಾತು ಆಡೋದು ಕಷ್ಟ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ತನಕ ಇದ್ರ ಚಲೋ, ಬ್ಯಾರೆ ನೀರು ಇಲ್ಲ ಅಂದ್ರ 1.5ರ ತನಕ ನಡೀತೈತಿ, ಅದ್ರ ಮ್ಯಾಲೆ ಬ್ಯಾಡ. ಗ್ರಾಮ ಪಂಚಾಯ್ತಿಯಾಗ ನೀರು ಪರೀಕ್ಷೆ ಕಿಟ್ ಇರ್ತೈತಿ, ಜಿಲ್ಲಾ ನೀರಿನ ಲ್ಯಾಬಿನಾಗೂ ಮಾಡಿಸಬಹುದು. ನೀವು ಖರೇನ ಕುಡಿಯೋ ನೀರನ್ನ ಒಯ್ರಿ, ಬಚ್ಚಲಿಗೆ ಬರೋದನ್ನಲ್ಲ. ಕಾಸಿದ್ರ ಫ್ಲೋರೈಡ್ ಹೋಗ್ತೈತಿ ಅಂತ ನಂಬಿದವ್ರು ಬಾಳ ಮಂದಿ, ಹೋಗಂಗಿಲ್ಲ, ನೀರು ಆವಿ ಆದಷ್ಟು ಇನ್ನೂ ಗಟ್ಟಿ ಆಗ್ತೈತಿ. ಆರ್‌ಓ ನೀರಿನಾಗ ಇಳೀತೈತಿ.

ಪೇಸ್ಟಿನ ಬಗ್ಗಿ ನನ್ನ ಅಭಿಪ್ರಾಯ ಹೇಳ್ತೀನಿ, ಬ್ಯಾರೆ ಡಾಕ್ಟರ್ ಬ್ಯಾರೆ ಹೇಳಬಹುದು. ನೀರಿನಾಗಿನ ಫ್ಲೋರೈಡ್ ಹೊಟ್ಟಿಗೆ ಹೋಗಿ ತಯಾರಾಗ್ತಿರೋ ಹಲ್ಲಿಗೆ ಕಲೆ ಹಾಕ್ತೈತಿ, ಪೇಸ್ಟಿನ ಫ್ಲೋರೈಡ್ ಹುಟ್ಟಿದ ಹಲ್ಲಿನ ಮ್ಯಾಲೆ ಕೂತು ಅದನ್ನ ಗಟ್ಟಿ ಮಾಡ್ತೈತಿ. ಎರಡೂ ಒಂದ ಹೆಸರು, ಕೆಲಸ ಬ್ಯಾರೆ. ಹಂಗಾಗಿ ಫ್ಲೋರೈಡ್ ಅಂದ ಕೂಡ್ಲೆ ಹೆದರಿ ಎಂಐಎಚ್ ಇರೋ ಮಗೂಗೆ ಬರೇ ಗಿಡಮೂಲಿಕಿ ಪುಡಿಯಿಂದ ತಿಕ್ಸೋದು ನನಗ ಸರಿ ಕಾಣಂಗಿಲ್ಲ. ಮೂರು ವರ್ಷದ ಒಳಗ ಅಕ್ಕಿ ಕಾಳಿನಷ್ಟು, ಮೂರರಿಂದ ಆರರ ತನಕ ಬಟಾಣಿ ಕಾಳಿನಷ್ಟು, ಜಾಹೀರಾತಿನಾಗ ತೋರ್ಸಿದಂಗ ಬ್ರಶ್ಶಿನ ಉದ್ದಕ್ಕೂ ಅಲ್ಲ. ಡಬ್ಬಿ ಮ್ಯಾಲೆ ಪಿಪಿಎಂ, ಅಂದ್ರ ಫ್ಲೋರೈಡ್ ಎಷ್ಟೈತಿ ಅನ್ನೋ ಅಂಕಿ ಓದ್ರಿ, 1000 ಇದ್ರ ಸರಿ, ಮಕ್ಕಳ ಪೇಸ್ಟಿನಾಗ 500ರ ಆಸುಪಾಸು ಇರೋವೂ ಅದಾವು, ಏನೂ ಇಲ್ಲದವೂ ಅದಾವು. ಆದ್ರ ನೀರಿನ ಚೀಟಿಯಾಗ 1.5ರ ಮ್ಯಾಲಿದ್ದು ಮಗು ಇನ್ನೂ ಉಗುಳಾಕ ಬಾರದ್ದಿದ್ರ ಮೊದಲು ನೀರು ಬದಲಿ ಮಾಡ್ರಿ, ಪೇಸ್ಟು ಯಾವ್ದು ಅಂತ ಚೀಟಿ ತೋರ್ಸಿ ಡಾಕ್ಟರ್‌ನ ಕೇಳ್ರಿ. ಉಗುಳಿದ ಮ್ಯಾಲೆ ತಂಬಿಗಿ ತುಂಬ ನೀರು ಹಾಕಿ ಬಾಯಿ ತೊಳಿಸಬ್ಯಾಡ್ರಿ, ಹಚ್ಚಿದ್ದೆಲ್ಲ ಹೋಗ್ತೈತಿ. ರಾತ್ರಿ ಬ್ರಶ್ ತಪ್ಪಂಗಿಲ್ಲ, ಏಳೆಂಟು ವರ್ಷದ ತನಕ ನಿಮ್ಮ ಕೈಯಿಂದನ.

ಒಟ್ಟು ಲೆಕ್ಕ

ಈಗ ನೋಟ್ ಪುಸ್ತಕ, ಫೋಟೋ, ನೀರಿನ ಚೀಟಿ ಮುಂದ ಇಟ್ಕೊಂಡು ಕೂಡ್ರಿ. ಇವುಗಳಾಗ ಒಂದಿದ್ರೂ ಮಗು ಅಪಾಯ ಜಾಸ್ತಿ ಇರೋ ಗುಂಪಿಗೆ ಸೇರ್ತೈತಿ: ದವಡಿ ಹಲ್ಲಿನ ಕಲೆ ಜಾಗದಾಗ ಚೂರು ಹಾರೈತಿ, ಹಳದಿ ಕಂದು ಕಲೆ ಅಗಿಯೋ ಮೂಲಿ ಮ್ಯಾಲೈತಿ, ಜುಮ್ಮು ಐತಿ, ಬಾಯಾಗ ಎಲ್ಲಾದ್ರೂ ಈಗಾಗ್ಲೆ ಹುಳುಕು ಇಲ್ಲಾಂದ್ರ ವಸಡಿನ ಅಂಚಿಗೆ ಹೊಸಾ ಬಿಳಿ ಪಟ್ಟಿ ಐತಿ. ಆರು ವರ್ಷದ ಒಳಗಿನ ಮಗೂಗೆ ದವಡಿ ಹಲ್ಲಿನಾಗ ಅಂಚಿರೋ ಕಲೆ ಇಲ್ಲಾಂದ್ರ ಕುಳಿ ಇದ್ದು ಜೋಡಿಗೆ ರಾತ್ರಿ ಬಾಟ್ಲಿನೋ ದಿನಕ್ಕ ನಾಲ್ಕು ಸಲ ಸಿಹಿನೋ ಇದ್ರ ಅದೂ ಇದ ಗುಂಪು. ಇವ್ರು ಇದ ವಾರ ತೋರಿಸಬೇಕು, ಆಮ್ಯಾಲೆ ಮೂರು ತಿಂಗಳಿಗೊಮ್ಮಿ.

ಬಿಳಿ ಕಲೆ ಐತಿ, ಗಟ್ಟಿ ಐತಿ, ಜುಮ್ಮಿಲ್ಲ, ಆದ್ರ ಮನಿ ರೂಢಿಯಾಗ ಒಂದೆರಡು ಕೆಂಪು ಗೆರಿ ಬಿದ್ದಾವು ಅಂದ್ರ ನಡುವಿನ ಗುಂಪು, ಈ ತಿಂಗಳಾಗ ಒಮ್ಮಿ ತೋರ್ಸಿ ರೂಢಿ ತಿದ್ರಿ. ಇನ್ನ ಮುಂದಿನ ಹಲ್ಲಿನಾಗ ಬರೇ ಬಿಳಿ ಗೆರಿ, ಎಡ ಬಲ ಸಮಾ, ರಾತ್ರಿ ಬ್ರಶ್ಶು ನಡೀತೈತಿ, ಸಿಹಿ ಊಟದ ಜೋಡಿಗೆ ಮಾತ್ರ, ಹಂಗಿದ್ರ ಆರು ತಿಂಗಳಿಗೊಮ್ಮಿ ಸಾಕು, ಇವರಿಗೆ ನೀರು ಸರಿ ಮಾಡೋದ ದೊಡ್ಡ ಕೆಲಸ, ಯಾಕಂದ್ರ ಮನಿಯಾಗ ಸಣ್ಣ ತಮ್ಮನೋ ತಂಗಿನೋ ಇರ್ತಾರ. ಈ ಲೆಕ್ಕ ಒಂದ ಸಲ ಹಾಕಿ ಬಿಡೋದಲ್ಲ, ಆರು ವರ್ಷದ ಹಲ್ಲು ಹುಟ್ಟೋ ಹೊತ್ತಿಗೆ ಮತ್ತೊಮ್ಮಿ, ಹನ್ನೆರಡು ವರ್ಷಕ್ಕ ಎರಡನೇ ಕಾಯಂ ದವಡಿ ಹಲ್ಲು ಬರೋವಾಗ ಇನ್ನೊಮ್ಮಿ.

ಎಲ್ಲಿ ಹೋಗಬೇಕು, ಅಲ್ಲಿ ಏನ್ ಮಾಡ್ತಾರ

ಬಳ್ಳಾರಿಯಾಗ ಸರ್ಕಾರಿ ಡೆಂಟಲ್ ಕಾಲೇಜೈತಿ, ರಾಯಚೂರಿನಾಗ ಎರಡು ಡೆಂಟಲ್ ಕಾಲೇಜು ಅದಾವು, ಅಲ್ಲಿ ಮಕ್ಕಳ ಹಲ್ಲಿನ ವಿಭಾಗ ಎಲ್ಲಿ ಅಂತ ಕೇಳ್ಕೊಂಡು ಹೋಗ್ರಿ, ಸಾಮಾನ್ಯ ಸಾಲಿನಾಗ ನಿಲ್ಲಬ್ಯಾಡ್ರಿ. ಅಂಗನವಾಡಿಗೆ, ಸರ್ಕಾರಿ ಸಾಲಿಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ) ತಂಡದವ್ರು ಮಕ್ಕಳ ತಪಾಸಣಿಗೆ ಬರ್ತಾರ, ಅವ್ರ ಪಟ್ಟಿಯಾಗ ಹಲ್ಲೂ ಐತಿ, ಆ ದಿನ ಟೀಚರ್‌ಗೆ ಮೊದಲ ಹೇಳಿಟ್ರ ನಿಮ್ಮ ಮಗೂನ ದವಡಿ ಹಲ್ಲು ನೋಡಿ ಚೀಟಿ ಬರಕೊಡ್ತಾರ.

ಅಪಾಯ ಜಾಸ್ತಿ ಇದ್ರ ಮೊದಲು ಫ್ಲೋರೈಡ್ ವಾರ್ನಿಶ್ ಹಚ್ತಾರ, ಅದ್ರಾಗ 22,600 ಪಿಪಿಎಂ ಫ್ಲೋರೈಡ್, ಸಂಖ್ಯೆ ಕೇಳಿ ಗಾಬರಿ ಬ್ಯಾಡ, ಹಚ್ಚೋದು ಹನಿಯಷ್ಟು, ಹಲ್ಲಿಗೆ ಅಂಟ್ಕೊಂಡು ಕೂಡ್ತೈತಿ. ಅರ್ಧ ಹುಟ್ಟಿದ ಹಲ್ಲಿಗೆ ಗ್ಲಾಸ್ ಅಯಾನೊಮರ್ ಸಿಮೆಂಟಿನಿಂದ ಮ್ಯಾಲಿನ ತಗ್ಗು ಮುಚ್ತಾರ, ಪೂರ್ತಿ ಹುಟ್ಟಿದ ಮ್ಯಾಲೆ ಗಟ್ಟಿ ಸೀಲಂಟ್. ಜುಮ್ಮಿಗೆ ಸಿಪಿಪಿ-ಎಸಿಪಿ ಕ್ರೀಮ್ ಕೊಡಬಹುದು, ಅದು ಹಾಲಿನ ಪ್ರೋಟೀನಿಂದು, ಮಗೂಗೆ ಹಾಲು ಆಗಂಗಿಲ್ಲ ಅಂದ್ರ ಮೊದಲ ಹೇಳ್ರಿ. ಎಸ್‌ಡಿಎಫ್ ಅಂತ ಒಂದು ಔಷಧ ಹುಳುಕು ನಿಲ್ಲಿಸ್ತೈತಿ, ಆದ್ರ ಹುಳುಕಿನ ಜಾಗ ಕಪ್ಪಾಗ್ತೈತಿ, ಹಚ್ಚಿಸೋ ಮೊದಲ ತಿಳ್ಕೊಂಡಿರ್ರಿ, ಆಮ್ಯಾಲೆ ಡಾಕ್ಟರ್ ಜೋಡಿ ಜಗಳ ಬ್ಯಾಡ. ಬಾಳ ಮುರಿದ ಹಲ್ಲಿಗೆ ಸ್ಟೀಲ್ ಕ್ಯಾಪ್. ಉಳಿಸಾಕ ಆಗದ ಹಲ್ಲಿದ್ರ ಎಂಟರಿಂದ ಹತ್ತು ವರ್ಷದ ನಡುವ, ಎಕ್ಸ್‌ರೇ ನೋಡಿ, ತಗದು ಹಿಂದಿನ ಹಲ್ಲು ಆ ಜಾಗಕ್ಕ ಸರಿಯೋ ಹಂಗ ಮಾಡೋದೂ ಐತಿ. ಅದನ್ನ ಹೊತ್ತು ನೋಡಿ ಮಾಡಬೇಕು, ಅವಸರದಾಗ ಕೀಳಿಸಬ್ಯಾಡ್ರಿ.

ಒಂದು ಮಾತು ಡಾಕ್ಟರ್‌ಗೆ ನೀವ ಹೇಳಬೇಕು. ಎಂಐಎಚ್ ಹಲ್ಲಿನ ಒಳಗಿನ ನರ ಮೊದಲ ಕೆರಳಿರ್ತೈತಿ, ಇಂಜೆಕ್ಷನ್ ಕೊಟ್ರೂ ಕೆಲವು ಸಲ ಪೂರ್ತಿ ಜೋಮು ಹಿಡಿಯಂಗಿಲ್ಲ. ಮಗು ಕುರ್ಚಿ ಮ್ಯಾಲೆ ಒದ್ದಾಡಿದ್ರ ಅದು ನಾಟಕ ಅಲ್ಲ, ಖರೇನ ನೋಯ್ತಿರ್ತೈತಿ. "ಸುಮ್ನ ಕೂಡು, ಏನೂ ಆಗಂಗಿಲ್ಲ" ಅಂತ ಗದರಿಸೋ ಬದಲಿ, ಕೈ ಎತ್ತಿದ್ರ ನಿಲ್ಲಿಸ್ತೀವಿ ಅಂತ ಮೊದಲ ಮಾತಾಡ್ಕೋರಿ.

ನನ್ನ ತಂಗಿ ಮಗನಿಗೆ ಆ ದೀಪಾವಳಿ ರಜಾದಾಗ ಕ್ಯಾಪ್ ಹಾಕಿದೆ, ಉಳಿದ ಮೂರು ದವಡಿ ಹಲ್ಲಿಗೆ ಸಿಮೆಂಟ್. ಈಗ ಮೂರು ತಿಂಗಳಿಗೊಮ್ಮಿ ಲಿಂಗಸೂಗೂರಿನಿಂದ ಬಸ್ ಹತ್ತಿ ಬರ್ತಾರ, ಬಂದ ಕೂಡ್ಲೆ ಹುಡುಗ ಬಾಯಿ ತೆಗದು "ದೊಡ್ಡವ್ವಾ, ನನ್ನ ಬೆಳ್ಳಿ ಹಲ್ಲು ಅದ ಏನ್ ನೋಡು" ಅಂತಾನ, ನಾನು ಟಾರ್ಚ್ ಹಿಡಿದು ಆ ಬೆಳ್ಳಿ ಹಲ್ಲು ಬಿಟ್ಟು ಉಳಿದ ಮೂರನ್ನ ನೋಡ್ತೀನಿ.